ಒಂದನೇ ಲೇನಿನಲ್ಲಿ ಅಜ್ಜಿ

"ಮೇಷ್ಟ್ರೇ, ಇದ್ಯಾವ ನ್ಯಾಯ? ಎಲ್ಲಾರೂ ಮುಂದ್ಮುಂದೆ ನಿಂತವ್ರೆ. ನನ್ ಕೂಸ್ನ ಮಾತ್ರ ಇಂದೆ ನಿಲ್ಸಿದ್ದೀರಲ್ಲ."

ಬೆಟ್ಟಮ್ಮಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದನೇ ಲೇನಿನ ನಡುವೆ ನಿಂತುಬಿಟ್ಟಳು. ಓಡಲು ಬಗ್ಗಿ ನಿಂತಿದ್ದ ದೀಪಿಕಾಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹಲಗೂರಿನ ಮೈದಾನದ ತುಂಬ ಹೋಬಳಿಯ ಶಾಲೆಗಳ ಮಕ್ಕಳು. ಎಲ್ಲರ ಕಣ್ಣೂ ಅವಳ ಅಜ್ಜಿಯ ಮೇಲೆ.

ಅಜ್ಜಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದು ಸುತ್ತಿನ ಓಟಕ್ಕೆ ನಾಲ್ಕು ಹುಡುಗಿಯರು. ಎರಡನೇ ಲೇನಿನವಳು ದೀಪಿಕಾಗಿಂತ ಮುಂದೆ, ಮೂರನೆಯವಳು ಅವಳಿಗಿಂತ ಮುಂದೆ. ನಾಲ್ಕನೇ ಲೇನಿನ ಆಶಾರಾಣಿಯಂತೂ ಆಗಲೇ ಓಟ ಶುರುಮಾಡಿದವಳ ಹಾಗೆ ತಿರುವಿನಲ್ಲಿ ನಿಂತಿದ್ದಳು.

ಇದು ಯಾಕೆಂದು ದೀಪಿಕಾಗೆ ಗೊತ್ತಿತ್ತು. ನಿನ್ನೆ ಸಂಜೆ ಟ್ರ್ಯಾಕ್ ಹಾಕುವಾಗ ನಡುವಿನ ಗೂಟಕ್ಕೆ ಹಗ್ಗದ ತುದಿ ಒತ್ತಿ ಹಿಡಿದು ಕುಳಿತಿದ್ದವಳು ಅವಳೇ. ಪಿ.ಟಿ. ಮೇಷ್ಟ್ರು ಶಿವರಾಜು ಸಾರ್ ಇನ್ನೊಂದು ತುದಿ ಹಿಡಿದು ಸುತ್ತುತ್ತಾ ಸುಣ್ಣದ ಪುಡಿ ಸುರಿದಿದ್ದರು. ಹೊರಗಿನ ಲೇನಿನ ಸುತ್ತು ದೊಡ್ಡದು, ಅದಕ್ಕೇ ಅಲ್ಲಿ ಓಡುವವರನ್ನು ಅಷ್ಟು ಮುಂದೆ ನಿಲ್ಲಿಸುತ್ತಾರೆ ಎಂದು ಟೇಪಿನಲ್ಲಿ ಅಳೆದು ತೋರಿಸಿದ್ದರು. ಮನೆಗೆ ಹೋಗಿ ಅಜ್ಜಿಗೆ ಹೇಳಿರಲಿಲ್ಲ, ಅಷ್ಟೇ.

ಸಾರ್ ಈಗ ಅಜ್ಜಿಗೂ ಅದನ್ನೇ ಹೇಳಿದರು. ಮೀಟರು, ಕರ್ವು ಎಂದೆಲ್ಲ ವಿವರಿಸಿದರು. ಟೇಪೂ ನಿಮ್ಮದೇ, ಅಳತೆಯೂ ನಿಮ್ಮದೇ ಎಂದು ಅಜ್ಜಿ ತಿರುಗಿಸಿ ಹೇಳಿದಳು. ಮುಂದಿನ ಓಟದವರು ಕಾಯುತ್ತಿದ್ದರು. ಕೊನೆಗೆ ಸಾರ್ ಬೇಸತ್ತು, ಅಜ್ಜಿ ಆಚೆ ಹೋಗದಿದ್ದರೆ ನಿನ್ನನ್ನು ಬಿಟ್ಟು ಓಟ ನಡೆಸಬೇಕಾಗುತ್ತೆ ಎಂದು ದೀಪಿಕಾಗೆ ಹೇಳಿದರು.

ತಿಂಗಳಿಂದ ಕಾಲುವೆ ಏರಿಯ ಮೇಲೆ ಅವಳು ಓಡಿದ್ದು ಈ ಒಂದು ಸುತ್ತಿಗಾಗಿ. ಅಜ್ಜಿಯ ಕೈ ಹಿಡಿದು ಎಳೆದಳು. ಅಜ್ಜಿ ಜಗ್ಗಲಿಲ್ಲ. ಆಗ ಅವಳಿಗೆ ಅಜ್ಜಿಯೇ ಹೇಳುತ್ತಿದ್ದ ಒಕ್ಕಣೆಯ ಕಣ ನೆನಪಾಯಿತು.

"ಅಜ್ಜೀ, ಕಣದ ನಡುವಿನ ಮೇಟಿ ಕಂಬಕ್ಕೆ ಸಾಲಾಗಿ ಎತ್ತು ಕಟ್ಟಿ ತುಳಿಸ್ತಿದ್ವಿ ಅಂತಿದ್ಯಲ್ಲ. ಸುತ್ತುವಾಗ ಯಾವ ಎತ್ತು ಜಾಸ್ತಿ ನಡೀತಿತ್ತು?"

"ಒರಗಿಂದೇ ಕಣವ್ವ. ಮೇಟಿ ಪಕ್ಕದ್ದು ನಿಂತಲ್ಲೇ ತಿರುಗ್ತದೆ."

"ನಾನು ಮೇಟಿ ಪಕ್ಕದ್ದು. ಆಶಾರಾಣಿ ಒರಗಿಂದು."

ಅಜ್ಜಿ ನಾಲ್ಕು ಲೇನುಗಳನ್ನೂ ಕಣ್ಣಲ್ಲೇ ಸುತ್ತಿ ಬಂದಳು. ಆಮೇಲೆ ಆಶಾರಾಣಿಯನ್ನು ನೋಡಿ, "ಅಂಗಾದ್ರೆ ಆ ಮಗೀನ ಇನ್ನೂ ವಸಿ ಮುಂದೆ ನಿಲ್ಸಿ ಮೇಷ್ಟ್ರೇ" ಎಂದಳು. ಸುಣ್ಣ ಅಳಿಸದ ಹಾಗೆ ಸೀರೆ ಎತ್ತಿಕೊಂಡು ಆಚೆ ನಡೆದಳು. ಮೈದಾನವೆಲ್ಲ ನಕ್ಕಿತು.

ಸಾರ್ ಸೀಟಿ ಊದಿದರು. ಆಶಾರಾಣಿ ಮೊದಲು ಬಂದಳು, ದೀಪಿಕಾ ಮೂರನೆಯವಳು. ಹುಡುಗರು ಆಗಲೇ "ಮೇಟಿ ಎತ್ತು" ಎಂದು ಅವಳಿಗೆ ಹೆಸರಿಟ್ಟಿದ್ದರು. ಅಜ್ಜಿಯ ಮೇಲೆ ಅವಳಿಗೆ ಕೆಟ್ಟ ಸಿಟ್ಟು ಬಂತು. ಮುಖ ತಿರುಗಿಸಿ ನಲ್ಲಿಯ ಹತ್ತಿರ ಹೋದಳು. ಅಲ್ಲಿ ಆಶಾರಾಣಿ ನೀರು ಕುಡಿಯುತ್ತಿದ್ದಳು.

"ಓಡುವಾಗ ನಿಮ್ಮಜ್ಜಿ ನನ್ ಹೆಸ್ರೂ ಕೂಗ್ತಿದ್ರು ಕಣೇ," ಎಂದಳು ಆಶಾರಾಣಿ. "ನಮ್ಮನೆಯಿಂದ ಯಾರೂ ಬಂದಿಲ್ಲ."

ದೀಪಿಕಾ ಮೈದಾನದ ಸುತ್ತ ನೋಡಿದಳು. ಎಲ್ಲೆಲ್ಲೂ ಮಕ್ಕಳು, ಮೇಷ್ಟ್ರುಗಳು. ಮನೆಯವರು ಅಂತ ಬಂದಿದ್ದವರು ತೀರ ಕಡಿಮೆ. ಅಜ್ಜಿ ಕೆಲಸ ಬಿಟ್ಟು ಬೆಳಗಿನ ಬಸ್ಸಿಗೇ ಬಂದಿದ್ದಳು. ಇಷ್ಟು ಜನರ ನಡುವೆ, ಯಾರಿಗೂ ಹೆದರದೆ, ಮೊಮ್ಮಗಳಿಗೆ ಮೋಸವಾಗಬಾರದೆಂದು ನಿಂತಿದ್ದಳು. ದೀಪಿಕಾಗೆ ಅಜ್ಜಿಯನ್ನು ಈಗಲೇ ತಬ್ಬಿಕೊಳ್ಳಬೇಕು ಅನ್ನಿಸಿತು.

ಬೇಲಿಯ ಹತ್ತಿರ ಅಜ್ಜಿ ಒಬ್ಬಳೇ ಕುಳಿತಿದ್ದಳು. "ನನ್ನಿಂದ ನಿನ್ ಮಾನ ಓಯ್ತೇನೋ ಮಗಾ" ಎಂದಳು, ಮೆಲ್ಲಗೆ.

ದೀಪಿಕಾ ಅಜ್ಜಿಯ ಕೈ ಹಿಡಿದು ಎಬ್ಬಿಸಿದಳು. ಹಾಗೇ ಕೈ ಬಿಡದೆ, ಎಲ್ಲರೂ ನೋಡುವಂತೆ, ಮೈದಾನದ ನಡುವೆಯೇ ನಡೆಸಿಕೊಂಡು ಹೊರಟಳು.

"ನಾಳೆ ರಿಲೇ ಐತೆ ಅಜ್ಜೀ," ಎಂದಳು. "ನೀನು ಬರ್ಲೇಬೇಕು."