ಎರಡು ಕುರ್ಚಿಯ ಕೆಲಸ

"ಇವತ್ತು ಈ ಹಳೇ ಕನೆಕ್ಷನ್ ತೆಗೆದುಬಿಟ್ರೆ ನಿಮಗೆ ನನ್ನ ಕಾಟ ತಪ್ಪುತ್ತೆ," ಎಂದ ಅವನು, ಕುರ್ಚಿ ಎಳೆದುಕೊಳ್ಳುತ್ತ.

"ತಪ್ಪಲಿ ಬಿಡಿ, ನೆಮ್ಮದಿ," ಎಂದಳು ಅವಳು ತಲೆಯೆತ್ತದೆ. ಆದರೆ ಇನ್ನು ಅವನು ಈ ಕೋಣೆಗೆ ಬರಲು ಕಾರಣವೇ ಇರುವುದಿಲ್ಲ.

ಆಸ್ಪತ್ರೆಯ ಔಷಧಿ ವಿಭಾಗದ ಪ್ರೋಗ್ರಾಂ ಅವಳದು. ಎದುರು ಕಟ್ಟಡದ ಲ್ಯಾಬ್‌ನದು ಅವನದು. ವರ್ಷಗಳ ಹಿಂದೆ ಎರಡನ್ನೂ ಜಾವಾ ಎಂಬ ಒಂದೇ ಕಂಪ್ಯೂಟರ್ ಭಾಷೆಯಲ್ಲಿ ಬರೆದು ನೇರವಾಗಿ ಬೆಸೆದಿದ್ದರು; ಅದೇ ಈ ಹಳೇ ಕನೆಕ್ಷನ್. ಅರ್ಧ ಮಾತಿಗೇ ಪೂರ್ತಿ ಅರ್ಥ, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಆದರೆ ಒಂದು ಕಡೆ ಚೂರು ಬದಲಾದರೂ ಇನ್ನೊಂದು ಕಡೆ ಮುಗ್ಗರಿಸುತ್ತಿತ್ತು. ಹಾಗಾಗಿ ಪ್ರತಿ ಬದಲಾವಣೆಗೂ ಅವನು ಬಂದು ಅವಳ ಪಕ್ಕದಲ್ಲಿ ಕೂರಬೇಕು. ತೋಳು ತಾಗದಂತೆ ಅವಳು ಸರಿಯುವುದು, ಅದನ್ನು ಕಂಡು ಅವನು ನಗು ನುಂಗುವುದು, ಫ್ಯಾನಿನ ಗಾಳಿಗೆ ಇಬ್ಬರ ಕಾಗದಗಳೂ ಬೆರೆತುಹೋಗುವುದು... ಎಂಥ ಮಧ್ಯಾಹ್ನಗಳು ಅವು!

ಈಗ ಲ್ಯಾಬಿಗೆ ಹೊಸ ಯಂತ್ರಗಳು ಬಂದಿವೆ. ಅವುಗಳ ಭಾಷೆಯೇ ಬೇರೆ. ನೇರ ಬೆಸುಗೆಯ ಬದಲು, ಎಲ್ಲ ಯಂತ್ರಗಳಿಗೂ ತಿಳಿಯುವ ಒಂದೇ ನಮೂನೆಯಲ್ಲಿ ನೆಟ್‌ವರ್ಕ್ ಮೂಲಕ ಸಂದೇಶ ಕಳಿಸುವ ವೆಬ್ ಸರ್ವಿಸ್ ಆದರೆ ಯಾರ ಭಾಷೆ ಯಾವುದಾದರೂ ಸೈ. ತುಸು ನಿಧಾನ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಬೇಕು. ಆದರೆ ಯಾರೂ ಯಾರ ಪಕ್ಕದಲ್ಲೂ ಕೂರಬೇಕಿಲ್ಲ.

ಅವನ ಬೆರಳು ಪರದೆಯ ಮೇಲೆ ನಿಂತಿತು. "ಮೇಡಂ, ಔಷಧಿಯ ‘ಡಬ್ಬಿಯ ಬಣ್ಣ’ ಅನ್ನೋ ಈ ಕಾಲಂ ಹೊಸದಕ್ಕೂ ಬೇಕಾ? ಇದನ್ನ ಒಬ್ರೂ ತುಂಬಿಲ್ಲ."

"ಬೇಡ."

"‘ಮುಚ್ಚಳದ ಆಕಾರ’?"

ಅವಳ ಕಿವಿ ಕೆಂಪಾಯಿತು. "ಅದೂ ಬೇಡ."

"ಇದನ್ನೆಲ್ಲ ಸೇರಿಸಿ ಅಂತ ಕೇಳಿದ್ದಾದ್ರೂ ಯಾರು?"

"ಯಾರೂ ಇಲ್ಲ. ಸೇರಿಸಿದ್ರೆ ನೀವು ಬರಬೇಕಾಗ್ತಿತ್ತಲ್ಲ."

ಅಂದುಬಿಟ್ಟ ಮೇಲೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಅವನು ಕನ್ನಡಕ ತೆಗೆದು, ಸುಮ್ಮನೆ ಒರೆಸಿದ. "ಈ ವೆಬ್ ಸರ್ವಿಸ್ ಕೆಲಸ ನಾನು ಯಾವತ್ತೋ ಮುಗಿಸಬಹುದಿತ್ತು. ಇವತ್ತು ನಾಳೆ ಅಂತ ಎಳೆದೆ. ಯಾಕೆ ಅಂತ ನೀವು ಒಂದು ಸಲಾನೂ ಕೇಳಲಿಲ್ಲ."

"ಸೋಮಾರಿ ಅಂದ್ಕೊಂಡಿದ್ದೆ."

"ಅಯ್ಯೋ! ಇಷ್ಟು ವರ್ಷಾನೂ?"

ಅವಳಿಗೆ ನಗು ಉಕ್ಕಿತು, ಜೊತೆಗೇ ಕಣ್ಣೀರೂ. ಹಳೆಯ ಕನೆಕ್ಷನ್ನನ್ನು ತನ್ನ ಕೈಯಾರೆ ನಿಲ್ಲಿಸಿದಳು. ಪರದೆ ಖಾಲಿಯಾಯಿತು. ಅವನು ಏಳಲಿಲ್ಲ.

"ನಮ್ಮಮ್ಮ ಕೇಳ್ತಾನೇ ಇರ್ತಾರೆ, ಆ ಲ್ಯಾಬ್‌ನೋರು ಯಾರೇ ಅಂತ," ಎಂದಳು ಅವಳು.

"ನೀವೇನಂದ್ರಿ?"

"ಏನೂ ಹೇಳಿಲ್ಲ," ಎಂದು ಅವಳು ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. "ಭಾನುವಾರ ನೀವೇ ಬಂದು ಹೇಳಿ."