ಅಂಗಡಿ ಮೊಟ್ಟೆಗೆ ಕಾವು

ಈ ಮೊಟ್ಟೆಗಳು ಮರಿಯಾಗುವುದಿಲ್ಲ ಎಂದು ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು. ಮೂರನೇ ಕ್ಲಾಸಿನ ಟೀಚರ್ ಕೇಳಿದಳೆಂದು, ಕೋಳಿ ಸಾಕುವ ಅವನು ತನ್ನ ಕಾವುಪೆಟ್ಟಿಗೆಯನ್ನು ಶಾಲೆಗೆ ಹೊತ್ತು ತಂದಿದ್ದ. ನೋಡಿದರೆ ಮೇಜಿನ ಮೇಲಿದ್ದ ಹನ್ನೆರಡು ಮೊಟ್ಟೆಗಳಿಗೂ ಅಂಗಡಿಯ ನೀಲಿ ಮುದ್ರೆ!

"ಫ್ರೆಶ್ ಇದೆಯಾ ಅಂತ ಎರಡೆರಡು ಸಲ ಕೇಳಿ ತಂದೆ," ಎಂದಳು ಟೀಚರ್ ಹೆಮ್ಮೆಯಿಂದ.

ಹುಂಜದ ಮುಖವನ್ನೇ ಕಾಣದ ಕೋಳಿಗಳ ಮೊಟ್ಟೆ ಅವು. ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಚಾಕ್‌ಪೀಸಿನ ಕೈ ತಾಗದಂತೆ ಮುಂಗುರುಳನ್ನು ಮೊಣಕೈಯಿಂದ ಸರಿಸುತ್ತ, "ದಿನಾ ಒಂದ್ಸಲ ಬಂದು ನೋಡಿ ಹೋಗ್ತೀರಾ?" ಎಂದಳು.

"ಅದಕ್ಕೇನಂತೆ," ಎಂದುಬಿಟ್ಟಿತು ಹಾಳು ಬಾಯಿ.

ದಿನಾ ಬಂದ. ಅವಳ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. "ಮರಿ ಒಳಗೆ ಉಸಿರಾಡುತ್ತಾ? ನಿದ್ದೆ ಮಾಡುತ್ತಾ?" ಕೇಳುವಾಗ ಅವಳ ಹುಬ್ಬು ಮೇಲೇರುವುದನ್ನು ನೋಡಲೆಂದೇ ಅವನು ಉತ್ತರವನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದ. ಅವಳನ್ನು ಪ್ರೀತಿಸುತ್ತಿದ್ದೇನೆ ಎಂದು ನಾಲ್ಕನೇ ದಿನಕ್ಕೆ ಖಾತ್ರಿಯಾಯಿತು. ನಿಜ ಮಾತ್ರ ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು. ನುಂಗಲೂ ಆಗದು, ಉಗುಳಲೂ ಆಗದು.

ಮಕ್ಕಳು ದಿನಾ ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಎಂಟನೇ ದಿನ ಕಿಟಕಿ ಮುಚ್ಚಿ, ಟಾರ್ಚಿನ ಬೆಳಕಿಗೆ ಒಂದೊಂದೇ ಮೊಟ್ಟೆ ಹಿಡಿದು ನೋಡಿದರು. ಒಳಗೆ ಕೆಂಪು ನರಗಳು ಕಾಣಬೇಕಿತ್ತು. ಹನ್ನೆರಡರಲ್ಲೂ ಬರೀ ಹಳದಿ.

"ಮರಿ ಸತ್ತೋಯ್ತಾ, ಕೋಳಿ ಅಂಕಲ್?" ಎರಡು ಜಡೆಯ ಪುಟ್ಟಿಯ ತುಟಿ ನಡುಗಿತು.

"ಇಲ್ಲ ಪುಟ್ಟಿ. ಹುಂಜ ಇಲ್ಲದ ಕಡೆ ಇಟ್ಟ ಮೊಟ್ಟೇಲಿ ಮರಿ ಶುರುವೇ ಆಗಲ್ಲ." ಅವನು ಟಾರ್ಚ್ ಆರಿಸಿದ. "ನಂಗೆ ಮೊದಲ್ನೇ ದಿನವೇ ಗೊತ್ತಿತ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?" ಟೀಚರ್ ದನಿ ಸಣ್ಣದಾಯಿತು. "ಈ ಮಕ್ಕಳು ದಿನಾ ಪೆಟ್ಟಿಗೆಗೆ ಕಿವಿ ಕೊಟ್ಟು ಕೂತಿರ್ತಿದ್ರು."

ಇನ್ನು ಇವಳು ನನ್ನ ಮುಖ ನೋಡುವುದಿಲ್ಲ ಎಂದುಕೊಂಡ.

ಪುಟ್ಟಿ ಬಿಡಲಿಲ್ಲ. "ಯಾಕೆ ಹೇಳ್ಲಿಲ್ಲ? ನಿಜ ಹೇಳ್ಬೇಕು. ನಮ್ಮ ಕ್ಲಾಸಲ್ಲಿ ಸುಮ್ನೆ ಏನೇನೋ ಹೇಳೋ ಹಾಗಿಲ್ಲ."

"ಹೇಳಿದ್ರೆ ದಿನಾ ಬರೋಕೆ ನೆಪ ಇರ್ತಿರಲಿಲ್ಲ. ನಿಮ್ಮ ಟೀಚರ್ ಅಂದ್ರೆ ನಂಗೆ ತುಂಬಾ ಇಷ್ಟ. ಅದಕ್ಕೋಸ್ಕರ ನಿಮಗೆ ಮೋಸ ಮಾಡ್ದೆ. ತಪ್ಪಾಯ್ತು."

ಮೂವತ್ತು ಜೋಡಿ ಕಣ್ಣು ಮೊಟ್ಟೆ ಬಿಟ್ಟು ಟೀಚರತ್ತ ತಿರುಗಿದವು.

"ಟೀಚರ್, ನಿಮ್ಮ ಕಿವಿ ಕೆಂಪಾಗ್ತಿದೆ! ಬರ್ಕೊಳ್ಲಾ?"

"ಏನೂ ಬೇಡ, ಕೂತ್ಕೊಳ್ಳಿ!" ಗದರಲು ಹೋದವಳಿಗೆ ನಗು ಬಂತು. ಅದನ್ನು ಮುಚ್ಚಿಟ್ಟು ಅವನತ್ತ ತಿರುಗಿದಳು. "ನಾಳೆ ಹುಂಜ ಇರೋ ಕಡೆಯ ಮೊಟ್ಟೆ ತನ್ನಿ. ಇಪ್ಪತ್ತೊಂದು ದಿನ, ಒಂದಿನಾನೂ ತಪ್ಪಿಸೋ ಹಾಗಿಲ್ಲ."

"ಆಮೇಲೆ?"

"ಆಮೇಲೆ," ಎಂದಳು, ಈ ಸಲ ಅವನ ಕಣ್ಣನ್ನೇ ನೋಡುತ್ತ, "ನೆಪ ಇಲ್ದೇನೇ ಬನ್ನಿ."