ಕಾರ್ಡು ನಿಲ್ಲುವವರೆಗೆ

"ನನ್ನ ಕಳಿಸೋಕೆ ಇಷ್ಟೊಂದು ಆತುರಾನಾ?" ಮೈಕ್ರೋಸ್ಕೋಪ್ ರಿಪೇರಿಯವನು ಅವಳ ಮೇಜಿಗೆ ಒರಗಿ ಕೇಳಿದ.

ಲ್ಯಾಬಿನ ಬಾಗಿಲುಗಳ ಕಂಪ್ಯೂಟರ್ ನೋಡಿಕೊಳ್ಳುವವಳು ತಲೆ ಎತ್ತಲಿಲ್ಲ. ಅವನ ಕಾಂಟ್ರಾಕ್ಟ್ ಇವತ್ತಿಗೆ ಮುಗಿದಿತ್ತು. ಬಾಗಿಲು ತೆರೆಯುವ ಅವನ ಕಾರ್ಡು ರದ್ದಾಗಿ ನಿಂತಿತೆಂದು ಅವಳು ಹೇಳಿದರೆ ಅವನು ಹೊರಡಬಹುದು. ನಾಳೆಯಿಂದ ಬೇರೆ ಊರು, ಬೇರೆ ಲ್ಯಾಬು. ಅಷ್ಟರೊಳಗೆ ಅವನಿಗೆ ಒಂದು ಮಾತು ಹೇಳಬೇಕಿತ್ತು. ಬಾಯಿಗೆ ಬರುತ್ತಿದ್ದದ್ದು ಬರೀ ಸಿಡುಕು.

"ಆತುರ ನನಗಲ್ಲ, ನಿಮ್ಮಕ್ಕನಿಗೆ. ಆಗಲಿಂದ ಫೋನ್ ಬಡ್ಕೊಳ್ತಿದೆ."

ಅವನು ಫೋನ್ ಎತ್ತಿದ. ಕೆಳಗೆ ಕಾರಿನಲ್ಲಿ ಕಾದಿದ್ದ ಅಕ್ಕನ ದನಿ ಅವಳಿಗೂ ಕೇಳಿಸಿತು. "ಏನೋ, ಅಲ್ಲೇ ಸಂಸಾರ ಹೂಡ್ತೀಯೇನೋ?"

ಅವಳ ಕಿವಿ ಬಿಸಿಯಾಯಿತು. ಹಳೆ ಕಾರ್ಡುಗಳನ್ನು ತೆಗೆದುಹಾಕುವ ಸ್ಕ್ರಿಪ್ಟನ್ನು ಮತ್ತೆ ಓಡಿಸಿದಳು. ಪರದೆಯ ಮೇಲೆ ಮತ್ತೆ ಅದೇ ತಪ್ಪು ತೋರಿಸುವ ಕೆಂಪು ಸಾಲು.

"ಏನಂತೆ ಅದರ ಗೋಳು?"

"ಹ್ಯಾಶ್ ಟೇಬಲ್ ಇದು, ಒಂಥರಾ ಪಟ್ಟಿ. ಕಾರ್ಡ್ ನಂಬರ್, ಅದರ ಜೊತೆ ಆಳಿನ ವಿವರ. ಲೂಪ್ ಒಂದೊಂದೇ ನೋಡ್ಕೊಂಡು ಹೋಗಿ, ಅವಧಿ ಮುಗಿದಿದ್ರೆ ತೆಗೀಬೇಕು. ಒಂದನ್ನ ತೆಗೆದ ಕೂಡ್ಲೇ ನಿಂತ್ಬಿಡುತ್ತೆ. ನಾನು ನೋಡ್ತಿರುವಾಗ್ಲೇ ಟೇಬಲ್ ಯಾಕೆ ಬದಲಾಯ್ತು ಅಂತ ಮುನಿಸು."

"ನಿಮ್ಮ ಥರಾನೇ. ಮೇಜಿನ ಮೇಲಿನ ಪೆನ್ನು ಒಂದು ಗೇಣು ಸರಿದ್ರೂ ಮುಖ ಊದುತ್ತೆ."

"ನಗ್ಬೇಡಿ. ನೋಡೋದು ಬೇರೆ ಕಡೆ, ತೆಗೆಯೋದು ಬೇರೆ ಕಡೆ ಆಗಿದ್ದಿದ್ರೆ…"

ಮಾತು ಅಲ್ಲೇ ನಿಂತಿತು. ನಂಬರುಗಳನ್ನು ಮೊದಲೇ ನಕಲು ಮಾಡಿಕೊಂಡು, ಲೂಪನ್ನು ಆ ನಕಲಿನ ಮೇಲೆ ನಡೆಸಿದರೆ ಸಾಕು; ಮೂಲ ಟೇಬಲಿನಿಂದ ಎಷ್ಟು ಬೇಕಾದರೂ ತೆಗೆಯಬಹುದು. ಒಂದೇ ಸಾಲಿನ ತಿದ್ದುಪಡಿ. ಆದರೆ ಅವಳ ಬೆರಳುಗಳು ಅಲುಗಲಿಲ್ಲ.

ಲೆನ್ಸಿನ ಧೂಳು ಹುಡುಕುವಾಗಿನ ಅದೇ ಕಿರುಗಣ್ಣಿನಲ್ಲಿ ಅವನು ಅವಳನ್ನೇ ನೋಡುತ್ತಿದ್ದ.

"ಹೊಳೀತಲ್ವಾ?"

"ಹ್ಞೂಂ."

"ಮತ್ಯಾಕೆ ಸುಮ್ನಿದೀರಿ?"

"ಸರಿ ಮಾಡಿದ್ರೆ ನೀವು ಹೋಗ್ತೀರಲ್ಲ," ಎಂದಳು, ಪರದೆಗೆ ಹೇಳುವಂತೆ. ಕಣ್ಣು ತುಂಬಿತು, ಅದಕ್ಕೂ ಸಿಟ್ಟೇ ಬಂತು. "ನೀವು ಹೋಗೋದು ನನಗೆ ಬೇಡ. ಹೇಳೋಕಾಗದೆ ಬೆಳಿಗ್ಗೆಯಿಂದ ಸಾಯ್ತಿದೀನಿ."

ಅವನ ಮುಖದಿಂದ ತುಂಟತನ ಇಳಿದುಹೋಯಿತು. "ಬೆಳಿಗ್ಗೆಯಿಂದ ತಾನೆ? ನಾನು ಚೆನ್ನಾಗಿರೋ ಮೈಕ್ರೋಸ್ಕೋಪನ್ನೇ ಎಷ್ಟು ಸಲ ಬಿಚ್ಚಿ ಜೋಡಿಸಿದೀನಿ ಗೊತ್ತಾ, ಈ ಮೇಜಿನ ಮುಂದೆ ಓಡಾಡೋಕೆ?"

ಅವಳು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು.

"ಭಾನುವಾರ ಬರ್ಲಾ?"

"ಭಾನುವಾರ ಲ್ಯಾಬ್ ಮುಚ್ಚಿರುತ್ತೆ."

"ಕೇಳಿದ್ದು ಮನೆಗೆ."

"ಅಮ್ಮ ನೂರು ಪ್ರಶ್ನೆ ಕೇಳ್ತಾಳೆ."

"ಕೇಳ್ಲಿ. ಉತ್ತರ ಒಂದೇ."

ಅವಳು ಆ ಸಾಲು ಬರೆದು ಓಡಿಸಿದಳು. ಈ ಸಲ ಲೂಪ್ ಎಲ್ಲೂ ತಡೆಯದೆ ಕೊನೆ ಮುಟ್ಟಿತು. ಅವನು ಹೋಗಿ ಬಾಗಿಲಿಗೆ ಕಾರ್ಡು ತೋರಿಸಿದ. ತೆರೆಯಲಿಲ್ಲ.

ಅವಳು ಹಣೆ ಚಚ್ಚಿಕೊಂಡಳು. ಹೊರಗೆ ಹೋಗುವುದಕ್ಕೂ ಕಾರ್ಡು ಬೇಕು. ಆಳನ್ನು ಒಳಗೇ ಇಟ್ಟುಕೊಂಡು ಅವನ ಕಾರ್ಡನ್ನು ತೆಗೆದುಹಾಕಿದ್ದಳು.

"ಒಳ್ಳೆ ಸೆರೆ," ಎಂದ ಅವನು, ಹೋಗುವ ಅವಸರವೇ ಇಲ್ಲದವನಂತೆ.

ಅವಳು ಬ್ಯಾಗು ಹೆಗಲಿಗೇರಿಸಿ, ತನ್ನ ಕಾರ್ಡಿನಿಂದ ಬಾಗಿಲು ತೆರೆದಳು. ಅವನ ತೋಳು ಹಿಡಿದು, ಅವನಿಗಿಂತ ಮೊದಲು ತಾನೇ ಮೆಟ್ಟಿಲಿಳಿಯತೊಡಗಿದಳು.